ಹಾವಿನ ಪೊರೆ ಹಾಸಿದ ಗೂಡು

ಆಗೆಲ್ಲ ಶ್ರೀನಿವಾಸಪುರದ ಕಡೆಯ ನಮ್ಮೂರಿನ ಗೋಡೆಗಳಿಗೆ ಗಾರೆ ಇರಲಿಲ್ಲ. ಕಲ್ಲಿನ ಮೇಲೆ ಕಲ್ಲು, ನಡುವೆ ತೂತು. ಮಾವಿನಕಾಯಿ ಬಲಿಯುವ ಹೊತ್ತಿಗೆ ಸೊನೆಯ ವಾಸನೆ, ರೇಷ್ಮೆಹುಳುವಿಗೆ ಹಾಕುವ ಸೊಪ್ಪಿನ ವಾಸನೆ ಎರಡೂ ನನ್ನ ಲಂಗಕ್ಕೆ ಅಂಟಿರುತ್ತಿದ್ದವು. ನಾನು ಓದಿದ್ದು ಮೂರನೇ ಕ್ಲಾಸು. ಹಕ್ಕಿ ನೋಡುವುದಕ್ಕೆ ಅಷ್ಟು ಸಾಕಾಗಿತ್ತು.

ಅಂಗಳದ ಮಾವಿನ ಮರದ ಪೊಟರೆಯಲ್ಲಿ ಮಡಿವಾಳ ಹಕ್ಕಿಯ ಗೂಡಿತ್ತು. ರೇಷ್ಮೆ ಸಾಕುವ ಹುಳುಮನೆಯ ಗೋಡೆಯ ಹತ್ತಿರ ಅದರ ತಂಗಿಯಂಥ ಇನ್ನೊಂದು ಕುಪ್ಪಳಿಸುತ್ತಿತ್ತು. ಅದೂ ಕಪ್ಪು, ಅದೂ ಬಾಲ ಎತ್ತುವುದೇ. ಊರವರಿಗೆ ಎರಡೂ ಒಂದೇ.

ಒಂದು ದಿನ ಆ ಗೋಡೆಯ ತೂತಿನಿಂದ ಹಾವಿನ ಪೊರೆ ನೇತಾಡುತ್ತಿತ್ತು. ಅಪ್ಪ ಕೆಮ್ಮಣ್ಣು ಕಲಸಿಕೊಂಡು ಬಂದ.

“ಹಾವು ಸೇರ್ಕೊಂಡೈತೆ. ಮುಚ್ಬಿಡ್ತೀನಿ.”

“ಬ್ಯಾಡಪ್ಪೋ, ಒಳಗೆ ಹಕ್ಕಿ ಮರಿ ಐತೆ!”

“ಮಡಿವಾಳ ಮರದಾಗೈತೆ ಅಂತ ನೆನ್ನೆ ನೀನೇ ತೋರಿಸ್ದಲ್ಲೇ. ಒಂದು ಹಕ್ಕಿಗೆ ಎರಡು ಮನೇನಾ? ಅದೇನು ಸಾವ್ಕಾರನಾ?”

“ಅದೇ ಬೇರೆ, ಇದೇ ಬೇರೆ. ಅದಕ್ಕೆ ರೆಕ್ಕೆ ಉದ್ದಕ್ಕೂ ಬಿಳೀ ಪಟ್ಟೆ. ಇದು ಚಿಕ್ಕದು, ಭುಜದ ಮೇಲೆ ಒಂದು ಚುಕ್ಕೆ ಅಷ್ಟೇ. ಬಾಲದ ಕೆಳಗೆ ಇಟ್ಟಿಗೆ ಬಣ್ಣ. ಪೊರೆ ಕಚ್ಕೊಂಡು ಬಂದಿದ್ದು ನಾನೇ ನೋಡಿದೀನಿ!”

ಅಮ್ಮ ಒಳಗಿನಿಂದ ಕೂಗಿದಳು: “ಪೊರೆ ಯಾಕೇ ಅದಕ್ಕೆ, ಸೀರೆ ಉಟ್ಕೊಳಕ್ಕಾ?”

ಅಪ್ಪ ನಕ್ಕ, ಮಣ್ಣು ಮಾತ್ರ ಕೆಳಗಿಡಲಿಲ್ಲ. ನಾನು ತೂತಿಗೆ ಬೆನ್ನು ಕೊಟ್ಟು ನಿಂತೆ. “ಒಂದು ಗಳಿಗೆ ದೂರ ನಿಂತು ನೋಡಪ್ಪ, ಆಮೇಲೆ ಮುಚ್ಚು” ಎಂದು ಅಳುತ್ತಲೇ ಬೇಡಿಕೊಂಡೆ.

ಇಬ್ಬರೂ ಮರೆಗೆ ಹೋದೆವು. ಚಿಕ್ಕದು ಬಂತು, ಕೊಕ್ಕಿನಲ್ಲಿ ಹುಳು. ಬಾಲ ಎತ್ತಿತು. ಇಟ್ಟಿಗೆ ಬಣ್ಣ! ತೂತಿನೊಳಗೆ ನುಗ್ಗಿತು, ಒಳಗೆ ಕಿಚಿಕಿಚಿ. ಅದೇ ಹೊತ್ತಿಗೆ ಮಾವಿನ ಮರದಿಂದ ದೊಡ್ಡದು ಸಿಳ್ಳೆ ಹಾಕಿತು. ಅಪ್ಪ ಆ ಕಡೆ ನೋಡಿದ, ಈ ಕಡೆ ನೋಡಿದ.

“ಎರಡೈತೆ ಕಣೇ!” ಎಂದ. ಕಲಸಿದ ಮಣ್ಣು ಒಲೆ ಮೆತ್ತುವುದಕ್ಕಾಯಿತು.

ಈಗ ಗೋಡೆಗಳೆಲ್ಲ ಸಿಮೆಂಟು, ಒಂದು ತೂತೂ ಇಲ್ಲ. ಎಷ್ಟೋ ವರ್ಷ ಆ ಚಿಕ್ಕ ಹಕ್ಕಿ ನಮ್ಮ ಮನೆಯ ಕಡೆ ಬಂದಿರಲಿಲ್ಲ. ಇವತ್ತು ಬೆಳಿಗ್ಗೆ ಮೊಮ್ಮಗಳು ಓಡಿಬಂದಳು: “ಅಜ್ಜೀ, ಹಳೇ ಮೀಟರ್ ಡಬ್ಬೀಲಿ ಗೂಡು! ಭುಜದ ಮೇಲೆ ಚುಕ್ಕೆ ಐತೆ, ನೀನು ಹೇಳಿದ್ದೇ!”

ಮಂಡಿನೋವು ಎಲ್ಲಿ ಹೋಯಿತೋ, ನಾನೂ ಓಡಿದೆ. ಮೂರು ಮರಿ, ಮೂರು ಬಾಯಿ! ನನಗೆ ಅಳುವೂ ಬಂತು, ನಗುವೂ ಬಂತು. ಕೆಳಗೆ ಹಾಸಿದ್ದು ಪೊರೆಯಲ್ಲ, ಶಾಂಪೂ ಪೊಟ್ಟಣದ ಚೂರು. ಪಾಪ, ಹುಡುಕಿ ಹುಡುಕಿ ಸಾಕಾಗಿರಬೇಕು.

“ಬಿಳೀ ಪಟ್ಟೆಯ ದೊಡ್ಡದೆಲ್ಲಿ ಅಜ್ಜಿ?” ಎಂದಳು ಮೊಮ್ಮಗಳು.

ಅಭ್ಯಾಸಬಲ, ಅಂಗಳದ ಕಡೆ ಕೈ ತೋರಿಸಿದೆ. ಅಲ್ಲಿ ಈಗ ಮರವಿಲ್ಲ.