ಗವಾರ್ ಮುರಿದ ಹತ್ತು ನಿಮಿಷ

ಮೊನ್ನೆ ಡೊಂಬಿವಲಿಯಿಂದ ಥಾಣೆಗೆ ಹೋಗುವ ಲೋಕಲ್ಲಿನ ಲೇಡೀಸ್ ಡಬ್ಬಿಯಲ್ಲಿ ಎದುರಿಗೆ ಕುಳಿತಿದ್ದ ಹೆಂಗಸು ಮಡಿಲ ಮೇಲೆ ಪೇಪರು ಹರಡಿಕೊಂಡು ಗವಾರ್ ಮುರಿಯತೊಡಗಿದಳು. ನಮ್ಮ ಅಜ್ಜಿಯ ಬಾಯಲ್ಲಿ ಅದು ಚವಳಿಕಾಯಿ, ಬೆಂಗಳೂರಿನವರಿಗೆ ಗೋರಿಕಾಯಿ. ಹೆಸರು ಎಷ್ಟಿದ್ದರೇನು, ವಾಸನೆ ಒಂದೇ. ಆ ಹಸಿ ವಾಸನೆ ಮೂಗಿಗೆ ಬಡಿದದ್ದೇ ತಡ, ನನಗೆ ನಮ್ಮ ದೊಡ್ಡ ಟೀಚರು ನೆನಪಾದರು...

ಹದಿನೈದು ವರ್ಷದ ಹಿಂದಿನ ಮಾತು. ಡೊಂಬಿವಲಿಯಲ್ಲಿ ಕನ್ನಡದವರು ನಡೆಸುತ್ತಿದ್ದ ಒಂದು ಬಾಲವಾಡಿಯಲ್ಲಿ ನಾನು ಸಹಾಯಕ ಟೀಚರಾಗಿ ಸೇರಿದ್ದೆ. ಅಲ್ಲಿಯ ಮುಖ್ಯಸ್ಥೆಯೇ ದೊಡ್ಡ ಟೀಚರು. ಉಡುಪಿ ಕಡೆಯವರು. ಗಂಡನಿಗೆ ಕೋಪರಿಯಲ್ಲಿ ಪುಟ್ಟ ಹೋಟೆಲು. ನಾನೋ ವಿಜಾಪುರ ಕಡೆಯ ರೈಲ್ವೆ ನೌಕರನ ಮಗಳು. ಅವರ 'ಉಂಟು'ವಿಗೂ ನನ್ನ 'ಐತ್ರಿ'ಗೂ ಹೊಂದಿಕೊಳ್ಳಲು ಒಂದು ತಿಂಗಳು ಹಿಡಿಯಿತು. ಮಕ್ಕಳಿಗೆ ಅರ್ಧ ದಿನವೂ ಹಿಡಿಯಲಿಲ್ಲ. ಅವು ನಮ್ಮಿಬ್ಬರಿಗೂ ಹಿಂದಿಯಲ್ಲೇ ಉತ್ತರ ಕೊಡುತ್ತಿದ್ದವು.

ಇಪ್ಪತ್ತು ವರ್ಷದಿಂದ ಮಕ್ಕಳನ್ನು ಸಾಕಿದ ಕೈ ಅವರದು. ಮೂಗು ಸೋರುವ ಮೊದಲೇ ಒರೆಸುತ್ತಿದ್ದರು, ಡಬ್ಬಿಯ ಮುಚ್ಚಳ ಬಿಗಿಯಾಗಿದೆ ಎಂದು ಮಗುವಿಗೆ ತಿಳಿಯುವ ಮೊದಲೇ ತೆಗೆದಿರುತ್ತಿದ್ದರು. ಪ್ರಶ್ನೆಯೂ ಅವರದೇ, ಉತ್ತರವೂ ಅವರದೇ. "ನೀರು ಬೇಕಾ ಪುಟ್ಟಾ? ಬೇಕು. ಶೂಶೂ ಉಂಟಾ? ಉಂಟು, ಬಾ!" ಶೂಶೂ ಇಲ್ಲದ ಮಗುವೂ ಮರ್ಯಾದೆಗೆ ಹೋಗಿ ಬರುತ್ತಿತ್ತು.

ಹೀಗಿರುವಾಗ ಶಾಲೆಯ ಹೊಸ ಕಮಿಟಿ ಒಂದು ನಿಯಮ ತಂದಿತು. ಬಾಲವಾಡಿಯ ಮುಖ್ಯಸ್ಥೆಗೆ ಶಿಶು ಶಿಕ್ಷಣದಲ್ಲಿ ಎಂ.ಎ. ಇರಬೇಕು. ಎರಡು ವರ್ಷದ ಗಡುವು. ಆಗದಿದ್ದರೆ ದೊಡ್ಡ ಟೀಚರು ಮಕ್ಕಳನ್ನು ಬಿಟ್ಟು ಆಫೀಸಿನಲ್ಲಿ ಅರ್ಜಿ ತುಂಬಿಸಿಕೊಳ್ಳುತ್ತ ಕೂರಬೇಕು. ಅವರಿಗಾಗ ಐವತ್ತೊಂದು. ಅಂಚೆಯ ಮೂಲಕ ಬಿ.ಎ. ಮಾಡಿದ್ದೇ ಯಾವ ಕಾಲದಲ್ಲೋ.

"ನಾನೊಬ್ಬಳೇ ಯಾಕೆ ಸಾಯುವುದು? ನೀನೂ ಬಾ ಮಾರಾಯ್ತಿ" ಎಂದು ನನ್ನ ಫಾರ್ಮನ್ನೂ ಅವರೇ ತುಂಬಿದರು. ನನ್ನನ್ನು ಕೇಳಿದರೇ? ಕೇಳಿದರು. ಉತ್ತರವನ್ನೂ ಅವರೇ ಹೇಳಿಕೊಂಡರು.

ಪ್ರತಿ ಭಾನುವಾರ ಥಾಣೆಯಲ್ಲಿ ಕ್ಲಾಸು. ಅವರು ಪಾಠ ಓದಿದ್ದೆಲ್ಲ ಹೋಗುವ ಬರುವ ರೈಲಿನಲ್ಲೇ. ಒಂದು ಕೈಯಲ್ಲಿ ಪುಸ್ತಕ, ಇನ್ನೊಂದರಲ್ಲಿ ಬಟಾಣಿ ಸುಲಿಯುವ ಕೆಲಸ. ಪರೀಕ್ಷೆಗಳನ್ನು ಹೇಗೋ ದಾಟಿದರು. ಸಿಕ್ಕಿಬಿದ್ದದ್ದು ಪ್ರಾಜೆಕ್ಟಿನಲ್ಲಿ.

ಪ್ರಾಜೆಕ್ಟೆಂದರೆ ವೀಕ್ಷಣೆ. ಒಂದು ಮಗುವನ್ನು ಆರಿಸಿಕೊಂಡು ಹತ್ತು ನಿಮಿಷ ದೂರ ಕೂತು ನೋಡಬೇಕು. ಮಾತಾಡಿಸಬಾರದು, ಮುಟ್ಟಬಾರದು. ಮುಗಿದ ಕೂಡಲೇ ಕಂಡದ್ದನ್ನಷ್ಟೇ ಬರೆಯಬೇಕು. ಮನೆಯಲ್ಲಿ ಮೊದಲು ಗಂಡನ ಮೇಲೆ ಅಭ್ಯಾಸ ಮಾಡಿದರಂತೆ. 'ವ್ಯಕ್ತಿ ಟಿವಿಯ ಮುಂದೆ ಕುಳಿತಿದ್ದಾರೆ. ಉಂಡ ತಟ್ಟೆ ಎತ್ತುವ ಲಕ್ಷಣವಿಲ್ಲ.' ಅದನ್ನು ಓದಿದ ನಮ್ಮ ಗೈಡ್ ಮೇಡಂ 'ಲಕ್ಷಣವಿಲ್ಲ ಎಂಬುದು ನಿಮ್ಮ ತೀರ್ಪು' ಎಂದರು. "ತೀರ್ಪಲ್ಲ ಮೇಡಂ, ಇಪ್ಪತ್ತೇಳು ವರ್ಷದ ಅನುಭವ" ಎಂದರು ಇವರು.

ವರ್ಗದಲ್ಲಿ ಅವರು ಆರಿಸಿಕೊಂಡದ್ದು ನಾಲ್ಕು ವರ್ಷದ ಒಂದು ಹುಡುಗಿಯನ್ನು. ವರದಿಯಲ್ಲಿ ಹೆಸರು ಬರೆಯಬಾರದೆಂದು 'ಮಗು ಅ'. ಮನೆಯಲ್ಲಿ ತುಳು, ಬಿಲ್ಡಿಂಗಿನಲ್ಲಿ ಮರಾಠಿ, ಬಾಲವಾಡಿಯಲ್ಲಿ ಕನ್ನಡ. ಯಾವುದು ಬೇಕೋ ತೀರ್ಮಾನವಾಗದೆ ಮಗು ಅ ಮೂರು ತಿಂಗಳಿಂದ ಬಾಯೇ ಬಿಟ್ಟಿರಲಿಲ್ಲ.

ಮೊದಲ ಸಲ ಎರಡೇ ನಿಮಿಷಕ್ಕೆ ದೊಡ್ಡ ಟೀಚರು ಎದ್ದು ಹೋಗಿ ಮೂಗು ಒರೆಸಿದರು. ಎರಡನೇ ಸಲ ಕೈ ಕಟ್ಟಿ ಕೂತರು, ಆದರೆ "ನೀರು ಬೇಕಾ? ಬೇಕು" ಎಂದು ಬಾಯಿ ತಾನಾಗಿ ಹೇಳಿಬಿಟ್ಟಿತು. ಎರಡೂ ವರದಿ 'ವೀಕ್ಷಕರು ಮಧ್ಯೆ ಪ್ರವೇಶಿಸಿದ್ದಾರೆ' ಎಂದು ವಾಪಸು ಬಂದವು. ಮೂರನೆಯದಕ್ಕೆ ಗೈಡ್ ಮೇಡಂ ಖುದ್ದು ಬಂದು ಕೂರುವುದಾಗಿ ಹೇಳಿದರು. ಅದೂ ಕೆಟ್ಟರೆ ಆ ವರ್ಷ ಪಾಸಿಲ್ಲ. ಪಾಸಿಲ್ಲವೆಂದರೆ ಆಫೀಸಿನ ಕುರ್ಚಿ.

"ಈ ಕೈಯನ್ನು ಎಂತ ಮಾಡುವುದು? ಕಡಿದು ಹಾಕುವುದಾ?" ಎಂದು ಕಣ್ಣಲ್ಲಿ ನೀರು ತಂದುಕೊಂಡರು.

"ರೈಲಿನ್ಯಾಗ ಏನ್ ಮಾಡ್ತೀರಿ, ಅದನ್ನ ಇಲ್ಲೂ ಮಾಡ್ರಿ" ಎಂದೆ. ತಮಾಷೆಗೆ ಹೇಳಿದ್ದು. ಅವರು ನಿಜವಾಗಿ ಹಿಡಿದರು.

ಆ ದಿನ ಗೈಡ್ ಮೇಡಂ ಬಂದಾಗ ದೊಡ್ಡ ಟೀಚರು ಮೂಲೆಯಲ್ಲಿ ಚಾಪೆ ಹಾಕಿ, ಎದುರಿಗೆ ಒಂದು ಬುಟ್ಟಿ ಗವಾರ್ ಇಟ್ಟುಕೊಂಡು ಕೂತಿದ್ದರು.

"ಹೇ ಕಾಯ್?" ಇದೇನೆಂದು ಮೇಡಂ ಮರಾಠಿಯಲ್ಲಿ ಕೇಳಿದರು.

"ಗವಾರ್, ಮ್ಯಾಡಮ್. ಹಾತ್ ಬಾಂಧಾಯಲಾ." ಕೈ ಕಟ್ಟಿಹಾಕಲಿಕ್ಕೆ!

ಮೇಡಂ ಹುಬ್ಬೇರಿಸಿ ಕುರ್ಚಿಯಲ್ಲಿ ಕೂತರು. ನಾನು ಮೊಬೈಲಿನಲ್ಲಿ ಹತ್ತು ನಿಮಿಷದ ಅಲಾರಾಂ ಇಟ್ಟೆ. ಮಗು ಅ ಕಿಟಕಿಯ ಹತ್ತಿರ ನಿಂತಿತ್ತು. ಮೂಗು ಸೋರುತ್ತಿತ್ತು. ದೊಡ್ಡ ಟೀಚರು ಟಪ್ ಟಪ್ ಎಂದು ಗವಾರ್ ಮುರಿದರು. ಸಿಂಬಳ ತುಟಿಯವರೆಗೆ ಬಂತು. ಟಪ್ ಟಪ್ ಟಪ್... ಕಣ್ಣು ಮಗುವಿನ ಮೂಗಿನ ಮೇಲೆಯೇ ಇದ್ದದ್ದರಿಂದ ನಾರು ತೆಗೆಯುವುದನ್ನೇ ಮರೆತಿದ್ದರು.

ಏಳನೇ ನಿಮಿಷಕ್ಕೆ ಮಗು ಅ ತನ್ನ ತೋಳಿನಿಂದಲೇ ಮೂಗು ಒರೆಸಿಕೊಂಡು ಬುಟ್ಟಿಯ ಹತ್ತಿರ ಬಂತು. ಒಂದು ಕಾಯಿ ಎತ್ತಿ ನೋಡಿತು. ಆಮೇಲೆ ಸೊಸೆಯ ಅಡುಗೆ ನೋಡುವ ಅತ್ತೆಯ ಹಾಗೆ ತಲೆಯಾಡಿಸಿ, ತುಳುವಿನಲ್ಲಿ ಹೇಳಿತು:

"ಇಂಚ ಅತ್ತ್ ಟೀಚರ್... ನಾರ್ ದೆಪ್ಪೊಡು."

ಹೀಗಲ್ಲ ಟೀಚರ್, ನಾರು ತೆಗೆಯಬೇಕು. ಮೂರು ತಿಂಗಳಲ್ಲಿ ಅದು ಆಡಿದ ಮೊದಲ ಮಾತು ಬೈಗುಳ!

ಈಗ ಇವರು ಎದ್ದು ಅಪ್ಪಿಕೊಳ್ಳುತ್ತಾರೆ, ಮೂರನೆಯದೂ ಹೋಯಿತು ಎಂದುಕೊಂಡೆ. ದೊಡ್ಡ ಟೀಚರು ಸೆರಗನ್ನು ಬಾಯಿಗೆ ತುರುಕಿಕೊಂಡರು. ಕಣ್ಣಿಂದ ಧಾರೆಧಾರೆ ನೀರು. ಕೈ ಮಾತ್ರ ಬಿಡಲಿಲ್ಲ, ಈಗ ನಾರು ತೆಗೆದು ಮುರಿಯಿತು. ಮಗು ಅ ಪಕ್ಕದಲ್ಲಿ ಕೂತು ತಪ್ಪು ಹುಡುಕುತ್ತ ತುಳುವಿನಲ್ಲಿ ಮಾತಾಡಿತು, ಮಾತಾಡುತ್ತಲೇ ಇತ್ತು. ಇದನ್ನು ನೋಡಿ ಉಳಿದ ಮಕ್ಕಳೂ ಕೈಯಲ್ಲಿದ್ದ ಕ್ರೇಯಾನ್ ಸಮೇತ ಬುಟ್ಟಿಗೆ ಮುತ್ತಿದವು. ಅಲಾರಾಂ ಹೊಡೆದಾಗ ಚಾಪೆಯ ಮೇಲೆ ಹತ್ತೊಂಬತ್ತು ಮಕ್ಕಳು ಗವಾರ್ ಮುರಿಯುತ್ತಿದ್ದವು. ದೊಡ್ಡ ಟೀಚರು ಮಗು ಅ-ವನ್ನು ಎತ್ತಿ ಮುದ್ದಾಡಿದ ರಭಸಕ್ಕೆ ಬುಟ್ಟಿ ಮಗುಚಿತು.

ವರದಿಯಲ್ಲಿ ಅವರು ಬರೆದದ್ದು ನನಗೆ ಇಂದಿಗೂ ಬಾಯಿಪಾಠ. 'ಏಳನೇ ನಿಮಿಷ: ಮಗು ಅ ಮಾತಾಡಿತು. ಎಂಟನೇ ನಿಮಿಷ: ವೀಕ್ಷಕಿಗೆ ಏನೂ ಕಾಣಲಿಲ್ಲ.' ಗೈಡ್ ಮೇಡಂ ಓದಿ, ಕನ್ನಡಕ ತೆಗೆದು ಒರೆಸಿ, ಸಹಿ ಹಾಕಿದರು. ಆ ಗವಾರ್ ಹೋಟೆಲಿನ ಪಲ್ಯವಾಯಿತಂತೆ. ಮರುದಿನ ದೊಡ್ಡ ಟೀಚರ ಗಂಡ ಬಾಲವಾಡಿಗೆ ಫೋನ್ ಮಾಡಿ ಕೇಳಿದರು, "ಪಲ್ಯಕ್ಕೆ ನೀಲಿ ಕ್ರೇಯಾನ್ ಹಾಕುವುದನ್ನು ಯಾವ ಪುಸ್ತಕದಲ್ಲಿ ಕಲಿಸಿದ್ದು ಟೀಚರೇ?"

ದೊಡ್ಡ ಟೀಚರು ಸೆಕೆಂಡ್ ಕ್ಲಾಸಿನಲ್ಲಿ ಪಾಸಾದರು. ಮತ್ತೆ ಏಳು ವರ್ಷ ಮಕ್ಕಳ ನಡುವೆಯೇ ಇದ್ದರು. ಪ್ರಶ್ನೆ ಕೇಳಿದ ಮೇಲೆ ತುಟಿ ಕಚ್ಚಿ ಕಾಯುವುದನ್ನು ಕಲಿತಿದ್ದರು. ಕಾಯುವಾಗ ಬೆರಳುಗಳು ಮಾತ್ರ ಗಾಳಿಯಲ್ಲೇ ಏನೋ ಮುರಿಯುತ್ತಿದ್ದವು... ನಿವೃತ್ತರಾದ ಮೂರನೇ ವರ್ಷಕ್ಕೆ ತೀರಿಕೊಂಡರು. ಅವರು ತುಂಬಿದ ಫಾರ್ಮಿನಿಂದ ನಾನೂ ಎಂ.ಎ. ಆದೆ. ಈಗ ನವಿ ಮುಂಬಯಿಯಲ್ಲಿ ಬಾಲವಾಡಿ ಟೀಚರುಗಳಿಗೆ ವೀಕ್ಷಣೆ ಕಲಿಸುತ್ತೇನೆ.

ಮೊನ್ನೆ ರೈಲಿನಲ್ಲಿ ನಾನು ನೋಡುತ್ತಿದ್ದುದನ್ನು ಕಂಡು ಆ ಹೆಂಗಸು ಒಂದು ಹಿಡಿ ಗವಾರ್ ನನ್ನ ಕೈಗೂ ಹಾಕಿದಳು. ಮುರಿದೆ. ಕೊನೆಯ ಒಂದು ಕಾಯಿಯಲ್ಲಿ ಬೇಕೆಂದೇ ನಾರು ಬಿಟ್ಟು ಅವಳ ಪೇಪರಿನ ಮೇಲಿಟ್ಟೆ, ಸ್ವಲ್ಪ ಹೊತ್ತು ಕಾದೆ.

'ಹೀಗಲ್ಲ' ಎಂದು ಯಾರೂ ಹೇಳಲಿಲ್ಲ. ಥಾಣೆ ಬಂತು, ಇಳಿದೆ.