ಇಬ್ಬರೂ ಸೇರಿ

ಇನ್ನೊಬ್ಬರ ಮನೆಯ ವಿಚಾರ ಕೆದಕುವುದು ನನಗೆ ಚಿಕ್ಕಂದಿನಿಂದಲೂ ಇದ್ದ ಚಟ. ದೊಡ್ಡವಳಾದ ಮೇಲೆ ಅದಕ್ಕೆ ಸಾಮಾಜಿಕ ಸಂಶೋಧನೆ ಎಂಬ ಮರ್ಯಾದೆಯ ಹೆಸರು ಸಿಕ್ಕಿತು, ಬಚಾವಾದೆ.

ಮುಂಬಯಿಯ ಕನ್ನಡ ಕುಟುಂಬಗಳಲ್ಲಿ ತೀರ್ಮಾನ ಯಾರದು ಎಂಬುದು ನನ್ನ ಪಿಎಚ್.ಡಿ. ವಿಷಯ. ಪ್ರಶ್ನಾವಳಿ ಹಿಡಿದು ಜೋಗೇಶ್ವರಿಯಿಂದ ಮುಲುಂಡ್‌ವರೆಗೆ ಬಿಲ್ಡಿಂಗುಗಳನ್ನು ಹತ್ತಿ ಇಳಿದೆ. ಪ್ರಶ್ನಾವಳಿಯ ಗುಣ ದೊಡ್ಡದು: ಎಲ್ಲರಿಗೂ ಒಂದೇ ಪ್ರಶ್ನೆ, ಪಕ್ಷಪಾತವಿಲ್ಲ, ಕೆಲಸವೂ ಬೇಗ ಸಾಗುತ್ತದೆ. ಆದರೆ ಉತ್ತರ ಹೇಳುತ್ತಿದ್ದವರು ಗಂಡಂದಿರು, ಉತ್ತರವೂ ಒಂದೇ: ಇಬ್ಬರೂ ಸೇರಿ. ನನ್ನ ಸಮೀಕ್ಷೆಯನ್ನು ನಂಬುವುದಾದರೆ ಮುಂಬಯಿಯಷ್ಟು ಸಮಾನತೆಯ ಊರು ಭೂಮಿಯ ಮೇಲಿಲ್ಲ.

ಮುಲುಂಡಿನ ನಾಗರಾಜ್ ಮೈಸೂರು ಕಡೆಯವರು, ಬ್ಯಾಂಕಿನಲ್ಲಿ ಅಧಿಕಾರಿ. ಅವರು ಉದಾಹರಣೆಯನ್ನೂ ಕೊಟ್ಟರು: ನಿವೃತ್ತಿಯಾದೊಡನೆ ಫ್ಲ್ಯಾಟ್ ಮಾರಿ ಮೈಸೂರಿಗೆ ಹೋಗುವುದೆಂದು ಇಬ್ಬರೂ ಸೇರಿ ತೀರ್ಮಾನಿಸಿದ್ದಾರಂತೆ. ಕಾಫಿ ತಂದ ಹೆಂಡತಿ ಪದ್ಮಾ ಅವರನ್ನು, ನೀವೇನಂತೀರಿ ಎಂದು ಕೇಳಿದೆ. ಮುಗುಳ್ನಕ್ಕರು. ಅದನ್ನೇ ಒಪ್ಪಿಗೆಯೆಂದು ಗುರುತು ಹಾಕಿಕೊಂಡೆ.

ಬೀಳ್ಕೊಡಲು ಲಿಫ್ಟಿನವರೆಗೆ ಬಂದ ಪದ್ಮಾ ಮೆಲ್ಲಗೆ ಹೇಳಿದರು: "ಮೈಸೂರಿಗೆ ಹೋಗೋಣ್ವಾ ಅಂತ ನನ್ನ ಯಾರೂ ಕೇಳಿರ್ಲಿಲ್ಲ. ನೀವು ಕೇಳಿದ್ರಿ. ಆದ್ರೆ ಅವರ ಮುಂದೆ ಕೇಳಿದ್ರಿ."

ಹೆಂಡತಿಯರನ್ನು ಪ್ರತ್ಯೇಕವಾಗಿ ಸಂದರ್ಶಿಸಲು ನನ್ನ ಮಾರ್ಗದರ್ಶಕರು ಸೂಚಿಸಿದರು. ಒಂದು ಮಧ್ಯಾಹ್ನ ಮತ್ತೆ ಮುಲುಂಡಿಗೆ ಹೋದೆ. ಪದ್ಮಾ ಸಂಜೆಯವರೆಗೂ ಮಾತಾಡಿದರು: ದಾದರಿನ ಶಾಲೆಯಲ್ಲಿ ಪಾಠ ಹೇಳಿದ ವರ್ಷಗಳು, ಲೋಕಲ್ ರೈಲಿನ ಲೇಡೀಸ್ ಡಬ್ಬದಲ್ಲಿ ಸಿಕ್ಕ ಗೆಳತಿಯರು, ಕಷ್ಟಕ್ಕೆ ಓಡಿ ಬಂದ ನೆರೆಯವರು. ಮೈಸೂರಿನಲ್ಲಿ ತನ್ನನ್ನು ಹೆಸರು ಹಿಡಿದು ಕರೆಯುವವರು ಯಾರೂ ಉಳಿದಿಲ್ಲ ಎನ್ನುವಾಗ ಅವರ ದನಿ ಸಣ್ಣದಾಯಿತು. ಇಂಥ ಸಂದರ್ಶನದಲ್ಲಿ ಮನಸ್ಸಿನ ಮಾತು ಸಿಗುತ್ತದೆ ನಿಜ. ಆದರೆ ಈ ವೇಗದಲ್ಲಿ ಮುಂಬಯಿ ಮುಗಿಸಲು ನನಗೆ ಏಳು ಜನ್ಮ ಬೇಕು.

ಅಷ್ಟರಲ್ಲಿ ನಾಗರಾಜ್ ಆಫೀಸಿನಿಂದ ಬಂದರು. ಇವಳು ಏನೇನು ಹೇಳಿದಳು ಎಂದು ನಗುತ್ತಾ ನನ್ನನ್ನು ಕೇಳಿದರು. ಅದನ್ನು ಹೊರಗೆ ಹೇಳುವಂತಿಲ್ಲ, ನಮ್ಮ ಕೆಲಸದ ನಿಯಮ ಎಂದೆ. ಆಗ ಪದ್ಮಾ ತಾವೇ ಬಾಯಿಬಿಟ್ಟರು.

"ನಂಗೆ ಮೈಸೂರಿಗೆ ಬರೋಕೆ ಇಷ್ಟ ಇಲ್ಲ ಅಂದೆ."

ನಾಗರಾಜ್ ಕೂತು ಶೂ ಲೇಸು ಬಿಚ್ಚತೊಡಗಿದರು. ಅದು ಬೇಗ ಬಿಚ್ಚಲಿಲ್ಲ.

"ನನಗ್ಯಾಕೆ ಹೇಳ್ಲಿಲ್ಲ?"

"ನೀವು ಕೇಳ್ಲಿಲ್ವಲ್ಲ."

ನಾನು ಮೆಲ್ಲಗೆ ಎದ್ದು ಬಂದೆ. ನಾಗರಾಜ್ ನಿವೃತ್ತರಾದ ಮೇಲೂ ಅವರಿಬ್ಬರು ಮುಲುಂಡಿನಲ್ಲೇ ಇದ್ದಾರೆ. ವರ್ಷಕ್ಕೊಮ್ಮೆ ಮೈಸೂರಿಗೆ ಹೋಗಿ ಬರುತ್ತಾರೆ. ಸಂಶೋಧಕಿ ತಾನು ನೋಡಲು ಹೋದದ್ದನ್ನೇ ಬದಲಿಸಿಬಿಟ್ಟರೆ ಆ ಮಾಹಿತಿ ಕೆಟ್ಟಂತೆ ಎಂದು ಮಾರ್ಗದರ್ಶಕರು ಆಕ್ಷೇಪಿಸಿದರು. ಶಾಸ್ತ್ರದ ಪ್ರಕಾರ ಅವರ ಮಾತು ಸರಿ. ಹಾಗಾಗಿ ಆ ಮನೆಯ ಪ್ರಸಂಗವನ್ನು 'ಅಧ್ಯಯನದ ಮಿತಿಗಳು' ಎಂಬ ಅಧ್ಯಾಯಕ್ಕೆ ಸೇರಿಸಿದೆ. ಪದ್ಮಾ ಬರೆದಿದ್ದರೆ 'ಫಲಿತಾಂಶ'ಕ್ಕೆ ಸೇರಿಸುತ್ತಿದ್ದರು.