ಹದಿನೇಳು ಮೆಟ್ಟಿಲಿನ ಡಾಕ್ಟರಮ್ಮ

ನಾನು ಡಾಕ್ಟರಮ್ಮನವರನ್ನು ಮೊದಲು ಕಂಡದ್ದು ನಿವೃತ್ತನಾದ ಮರುವಾರ. ನಾನು ಅವರನ್ನು ಕಾಣುವ ಮೊದಲೇ ಅವರು ನನ್ನನ್ನು ಕೇಳಿಸಿಕೊಂಡಿದ್ದರು ಎನ್ನುವುದು ಹೆಚ್ಚು ಸರಿ. ಔಷಧಿ ಅಂಗಡಿಯ ಮೇಲಿನ ಮಹಡಿಯಲ್ಲಿ ಅವರ ಕ್ಲಿನಿಕ್. ಹತ್ತಲು ಹದಿನೇಳು ಕಲ್ಲಿನ ಮೆಟ್ಟಿಲು. ಹತ್ತಿ ಹೋಗಿ ಹಸಿರು ಪರದೆಗೆ ಕೈ ಹಾಕುವಷ್ಟರಲ್ಲಿ ಒಳಗಿನಿಂದ ಧ್ವನಿ ಬಂತು.

“ಬನ್ನಿ, ಬಲ ಮೊಣಕಾಲು ನೋವಿನವರೇ. ಒಂಬತ್ತನೇ ಮೆಟ್ಟಿಲಲ್ಲಿ ಯಾಕೆ ನಿಂತ್ರಿ? ಉಸಿರು ಸಾಲಲಿಲ್ವಾ?”

“ಹಾಗೇನಿಲ್ಲಮ್ಮ, ತಲೆ ಬಾಚಿಕೊಂಡೆ.”

ಪರದೆ ಸರಿಯಿತು. ಬೆಳ್ಳಿಕೂದಲಿನ, ಗುಬ್ಬಿಯಂಥ ಹೆಂಗಸು ನನ್ನ ನುಣ್ಣನೆಯ ಬೋಳುತಲೆಯನ್ನು ಒಮ್ಮೆ ಸಾವಧಾನವಾಗಿ ನೋಡಿದರು. “ಬಾಚೋಕೆ ಅಲ್ಲೇನಿದೆ ಮೇಷ್ಟ್ರೇ?”

ಮೂವತ್ತಾರು ವರ್ಷ ಮಕ್ಕಳ ಸುಳ್ಳನ್ನು ಹಿಡಿದ ನಾನು ಅರ್ಧ ನಿಮಿಷದಲ್ಲಿ ಸಿಕ್ಕಿಬಿದ್ದಿದ್ದೆ. ನಾನು ಮೇಷ್ಟ್ರೆಂದು ಹೇಗೆ ತಿಳಿಯಿತೆಂದು ಕೇಳಿದರೆ, “ಜೇಬಲ್ಲಿ ಕೆಂಪು ಪೆನ್ನು” ಎಂದು ನಕ್ಕರು.

ಅವರ ವೈದ್ಯವೆಲ್ಲ ಶುರುವಾಗುತ್ತಿದ್ದುದು ಆ ಮೆಟ್ಟಿಲ ಸದ್ದಿನಿಂದ. ವೈದ್ಯಕೀಯ ಕಾಲೇಜಿನಿಂದ ಸರದಿಯ ಮೇಲೆ ಇಬ್ಬಿಬ್ಬರು ವಿದ್ಯಾರ್ಥಿಗಳು ಬರುತ್ತಿದ್ದರು. ಅವರು ಪರದೆಯ ಹಿಂದಿನ ಬೆಂಚಿನಲ್ಲಿ ಕಣ್ಣು ಮುಚ್ಚಿ ಕುಳಿತು, ಹತ್ತಿ ಬರುವವರ ಹೆಜ್ಜೆ ಕೇಳಿ, ತಮ್ಮ ಊಹೆಯನ್ನು ಪುಸ್ತಕದಲ್ಲಿ ಬರೆದಿಡಬೇಕು. ನಾಡಿ, ಸ್ಟೆತಸ್ಕೋಪು, ರಕ್ತಪರೀಕ್ಷೆ ಎಲ್ಲವೂ ಆಮೇಲೆ. ಹತ್ತಲಾರದವರನ್ನು ಅವರೇ ಕೆಳಗಿಳಿದು, ಅಂಗಡಿಯ ಜಗಲಿಯಲ್ಲಿ ಕೂರಿಸಿಕೊಂಡು ನೋಡುತ್ತಿದ್ದರು.

“ಕಿವಿ ಅನುಮಾನ ಹುಟ್ಟಿಸ್ಬೇಕು, ಮೆಷಿನ್ನು ಅದನ್ನ ತೀರಿಸ್ಬೇಕು” ಎನ್ನುತ್ತಿದ್ದರು. “ಅನುಮಾನಾನೇ ಬರದವನ ಕೈಯಲ್ಲಿ ಎಂಥ ಮೆಷಿನ್ ಇದ್ದರೂ ಅದು ಗಿಲಕಿ.”

ಹೀಗಿರುವಾಗ ಹೋದ ವರ್ಷ ಕಾಲೇಜಿನಿಂದ ಒಂದು ಪತ್ರ ಬಂತು. ಮೆಟ್ಟಿಲ ಸದ್ದು ಯಾವ ಪಾಠಪಟ್ಟಿಯಲ್ಲಿಯೂ ಇಲ್ಲ. ಪರಿವೀಕ್ಷಕರು ಬಂದು ನೋಡುತ್ತಾರೆ. ಇನ್ನು ಮುಂದೆ ವಿದ್ಯಾರ್ಥಿಗಳನ್ನು ಕಳಿಸಬೇಕೋ ಬೇಡವೋ ಎಂಬುದು ಅಂದೇ ತೀರ್ಮಾನ. ಡಾಕ್ಟರಮ್ಮ ಪತ್ರವನ್ನು ಎರಡು ಸಲ ಓದಿ, ಮಡಿಸಿ, ಅದರಿಂದಲೇ ಗಾಳಿ ಬೀಸಿಕೊಂಡರು.

“ಮಕ್ಕಳು ಬರದಿದ್ರೆ ನಾನು ಬರೀ ಚೀಟಿ ಬರೆಯೋಳಾಗಿಬಿಡ್ತೀನಿ ಮೇಷ್ಟ್ರೇ. ಈ ಕಿವಿ ನನ್ನ ಜೊತೇನೇ ಹೋಗಿಬಿಡುತ್ತೆ.”

ನನಗೆ ಕೈಕಟ್ಟಿ ಕೂರಲಾಗಲಿಲ್ಲ. ಪರಿವೀಕ್ಷಣೆ ಎಂದರೆ ನನಗೆ ಗೊತ್ತಿಲ್ಲವೇ! ಉಗುರು ಕತ್ತರಿಸಿ, ಗುಂಡಿ ಹಾಕಿಸಿ, ತರಲೆಗಳನ್ನು ಹಿಂದಿನ ಸಾಲಿಗೆ ತಳ್ಳಿ ಎಷ್ಟು ತರಗತಿಗಳನ್ನು ಸಿದ್ಧಮಾಡಿಲ್ಲ! ಹಿಂದಿನ ದಿನ ಸಂಜೆ ಅವರ ಹಳೆಯ ರೋಗಿಗಳನ್ನು ಅಂಗಡಿಯ ಹಿತ್ತಲಿನಲ್ಲಿ ಸಾಲಾಗಿ ನಿಲ್ಲಿಸಿದೆ. ಗೂರಲಿನ ಬೇಕರಿಯಣ್ಣ, ಸೊಂಟ ಹಿಡಿದ ದರ್ಜಿ, ಮೈಭಾರದ ಅಂಚೆ ಅಕ್ಕ.

“ನಾಳೆ ಯಾರೂ ಕೆಮ್ಮಬಾರದು. ಕಂಬಿ ಹಿಡಿಯಬಾರದು. ಬಾಯಿ ಮುಚ್ಚಿಕೊಂಡು, ಎದೆ ಎತ್ತಿ, ಸಮ ಹೆಜ್ಜೆ ಹಾಕಿ ಹತ್ತಬೇಕು. ಡಾಕ್ಟರಮ್ಮನವರ ರೋಗಿಗಳು ಕಲ್ಲುಗುಂಡಿನ ಹಾಗಿದ್ದಾರೆ ಅಂತ ಬಂದವರಿಗೆ ಗೊತ್ತಾಗಲಿ!”

“ಕಲ್ಲುಗುಂಡು ಉರುಳಿದ್ರೆ ಮೇಷ್ಟ್ರೇ?” ಎಂದರು ದರ್ಜಿ.

“ಹತ್ತಿದ ಮೇಲೆ ಉರುಳಿ.”

ಮರುದಿನ ಪರಿವೀಕ್ಷಕರು ಬಂದು ಇಬ್ಬರು ವಿದ್ಯಾರ್ಥಿಗಳ ಪಕ್ಕ ಬೆಂಚಿನಲ್ಲಿ ಕುಳಿತರು. ಬಿಳಿ ಅಂಗಿಯ, ನಗು ಮರೆತ ಮನುಷ್ಯ. ಜೇಬಿನಲ್ಲಿ ಬೆರಳಿಗೆ ಸಿಕ್ಕಿಸುವ ಪುಟ್ಟ ಯಂತ್ರ. ನಾವು ನಾಲ್ವರೂ ಒಬ್ಬರ ಹಿಂದೊಬ್ಬರು ಟಕ್, ಟಕ್, ಟಕ್ ಎಂದು ಹತ್ತಿದೆವು. ಸಿಪಾಯಿಗಳೂ ಹಾಗೆ ಹತ್ತಲಾರರು. ಪರದೆಯಾಚೆ ಡಾಕ್ಟರಮ್ಮ ತಬ್ಬಿಬ್ಬಾದರು.

“ಇದೇನಿದು? ನಾಲ್ಕೂ ಜನ ಗಟ್ಟಿಮುಟ್ಟಾಗಿದ್ದಾರೆ. ಯಾರೋ ಹೊಸಬರು. ಇವರಿಗ್ಯಾಕೆ ಡಾಕ್ಟರು?”

ಆಗಷ್ಟೇ ನನ್ನ ಮೂರ್ಖತನ ನನಗೆ ಹೊಳೆದದ್ದು. ಶಾಲೆಯಲ್ಲಿ ಮಕ್ಕಳು ಚೆನ್ನಾಗಿ ಕಾಣಬೇಕು. ಇಲ್ಲಿ ನಾವು ಕಾಯಿಲೆಯವರಾಗಿಯೇ ಕೇಳಿಸಬೇಕಿತ್ತು! ಪರದೆಯ ಸಂದಿಯಿಂದ ಇಣುಕಿದರೆ, ಪರಿವೀಕ್ಷಕರು ಲೇಖನಿ ತೆಗೆದು ಏನನ್ನೋ ಬರೆಯತೊಡಗಿದ್ದರು.

“ಮೇಡಂ, ತಪ್ಪು!” ಎಂದಳು ಒಬ್ಬ ವಿದ್ಯಾರ್ಥಿನಿ. ಅದುವರೆಗೆ ತುಟಿಪಿಟಿಕ್ಕೆನ್ನದ ಹುಡುಗಿ. ಕಣ್ಣು ಇನ್ನೂ ಮುಚ್ಚಿಯೇ ಇತ್ತು.

“ಏನಮ್ಮ ತಪ್ಪು?”

“ನಾಲ್ಕು ಜನ ಒಟ್ಟಿಗೆ ಹತ್ತಿದ್ರು. ಒಬ್ಬರೂ ಒಂದು ಮಾತೂ ಆಡಲಿಲ್ಲ. ಉಸಿರು ಚೆನ್ನಾಗಿರೋರು ಮಾತಾಡ್ತಾ ಹತ್ತುತ್ತಾರೆ, ನೀವೇ ಹೇಳಿದ್ದು. ಇವರು ಉಸಿರು ಬಿಗಿಹಿಡಿದಿದ್ದಾರೆ ಮೇಡಂ. ಬೇಗ ನೋಡಿ, ಬಿದ್ದುಹೋಗ್ತಾರೆ!”

ಪರದೆ ಸರಿಯಿತು. ಬೇಕರಿಯಣ್ಣ ಗೋಡೆಗೆ ಆತು ಸೀಟಿಯ ಹಾಗೆ ಉಸಿರೆಳೆಯುತ್ತಿದ್ದ. ಅಂಚೆ ಅಕ್ಕ ನನ್ನ ಹೆಗಲ ಮೇಲೆ ಪೂರ್ತಿ ಭಾರ ಬಿಟ್ಟಿದ್ದರು. ದರ್ಜಿ ನೆಲದ ಮೇಲೆ ಚಾಚಿ ಮಲಗಿ, “ಮೇಷ್ಟ್ರು ಉರುಳಬಹುದು ಅಂದಿದ್ರು” ಎನ್ನುತ್ತಿದ್ದರು. ಡಾಕ್ಟರಮ್ಮ ಮೊದಲು ಬೇಕರಿಯಣ್ಣನ ಬಾಯಿಗೆ ಔಷಧಿಯ ಪಂಪು ಹಿಡಿದರು. ಪರಿವೀಕ್ಷಕರು ತಮ್ಮ ಯಂತ್ರವನ್ನು ನನ್ನ ಬೆರಳಿಗೆ ಸಿಕ್ಕಿಸಿದರು. ನಾಡಿ ನೂರ ಮೂವತ್ತೆರಡು.

“ಇದು ನಿಮ್ಮ ಕೆಲಸಾನಾ ಮೇಷ್ಟ್ರೇ?” ಎಂದರು ಡಾಕ್ಟರಮ್ಮ.

“ನಿಮ್ಮ ಮರ್ಯಾದೆ ಉಳೀಲಿ ಅಂತ…”

“ನನ್ನ ಮರ್ಯಾದೆ ಉಳಿಸೋಕೆ ಹೋಗಿ ಅಂಚೆ ಕಚೇರೀನೇ ಮುಚ್ಚಿಸ್ತಿದ್ರಲ್ರೀ!”

ಮೊದಲು ನಕ್ಕವರು ಅಂಚೆ ಅಕ್ಕ. ಆಮೇಲೆ ತಡೆಯುವವರಿಲ್ಲ. ಪರಿವೀಕ್ಷಕರೂ ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. “ಗುರುವಿನ ಕಿವಿ ತಪ್ಪಿತು, ಶಿಷ್ಯೆಯದು ತಪ್ಪಲಿಲ್ಲ” ಎಂದರು. “ಹಾಗಾದರೆ ಇಲ್ಲಿ ಪಾಠ ನಡೆದಿದೆ ಅಂತಾಯ್ತು.” ಬರೆದ ಹಾಳೆಯನ್ನು ಹರಿದು ಹೊಸದನ್ನು ತೆಗೆದುಕೊಂಡರು. ಡಾಕ್ಟರಮ್ಮ ಆ ಹುಡುಗಿಯ ಎರಡು ಕಿವಿಗಳನ್ನೂ ಹಿಡಿದು ಮೆಲ್ಲಗೆ ಅಲ್ಲಾಡಿಸಿದರು. ತಾವು ತಪ್ಪಿದ್ದಕ್ಕೆ ಅಷ್ಟು ಸಂತೋಷಪಟ್ಟವರನ್ನು ನಾನು ಬೇರೆ ನೋಡಿಲ್ಲ.

ಈಗ ವಿದ್ಯಾರ್ಥಿಗಳು ಇಬ್ಬರಲ್ಲ, ನಾಲ್ವರು. ಕಾಲೇಜಿನಲ್ಲಿ ಉಳಿದವರಿಗೂ ಕೇಳಿಸಬೇಕೆಂದು ಹೆಜ್ಜೆಗಳ ಸದ್ದನ್ನು ಮೊಬೈಲಿನಲ್ಲಿ ಹಿಡಿದುಕೊಡಲು ಅಲ್ಲಿಯವರು ಕೇಳಿದ್ದಾರೆ. ಎಪ್ಪತ್ತರ ಡಾಕ್ಟರಮ್ಮ ಆ ಹುಡುಗಿಯಿಂದ ಮೊಬೈಲು ಕಲಿತು, ಬೆಳಗ್ಗೆ ಬಸ್ ನಿಲ್ದಾಣದಲ್ಲಿ, ಗ್ರಂಥಾಲಯದ ಮೆಟ್ಟಿಲಲ್ಲಿ, ಅದನ್ನು ನೆಲದ ಹತ್ತಿರ ಹಿಡಿದು ಜನರ ಹಿಂದೆ ಬಗ್ಗಿಕೊಂಡು ಓಡುತ್ತಾರೆ. “ಅಪ್ಪಣೆ ಇದೆಯಾ? ಹಾಗಾದ್ರೆ ನಿಲ್ಲಬೇಡಿ, ನಡೀರಿ! ಮಾತಾಡ್ತಾ ನಡೀರಿ!” ನಿನ್ನೆಗೆ ಎಪ್ಪತ್ತೊಂದು ಸದ್ದು ಸೇರಿವೆ. ಅದರಲ್ಲಿ ಒಂದು ಮೇಕೆಯದು. ಅದನ್ನು ಅಳಿಸುವುದು ಅವರಿಗಿನ್ನೂ ಬಾರದು. ಆದ್ದರಿಂದ ಪಾಠದಲ್ಲಿಯೇ ಇಟ್ಟುಕೊಂಡು, ಈ ರೋಗಿಗೆ ಏನಾಗಿದೆ ಹೇಳಿ ಎಂದು ಹೊಸ ವಿದ್ಯಾರ್ಥಿಗಳನ್ನು ಗಂಭೀರವಾಗಿ ಕೇಳುತ್ತಿದ್ದಾರೆ.